ಜೋಳದ ಮಾತಿಗೆ ಒಂದು ಹೂಂ

ಹೇಳಿದ್ದನ್ನೇ ಮೂರು ಸಲ ಹೇಳುವ ಚಟ ನನಗಿದೆ. ನಮ್ಮ ಮನೆಯವರು ಇದನ್ನು ರೋಗ ಎನ್ನುತ್ತಾರೆ, ಸೊಸೆ ವಯಸ್ಸು ಎನ್ನುತ್ತಾಳೆ. ಎರಡೂ ಅಲ್ಲ. ಈ ಊರಿಗೆ ಸೊಸೆಯಾಗಿ ಬಂದಾಗಲೂ ನಾನು ಹೀಗೇ ಇದ್ದೆ. ಎದುರಿಗಿರುವವರು ಹೂಂ ಅನ್ನದಿದ್ದರೆ ನನ್ನ ಮಾತು ಅವರಿಗೆ ಮುಟ್ಟಿದೆಯೆಂದು ನಾನು ನಂಬುವುದಿಲ್ಲ. ಮುಟ್ಟದ ಮಾತನ್ನು ಮತ್ತೆ ಕಳಿಸದೆ ಇನ್ನೇನು ಮಾಡಬೇಕು? ಕಳಿಸುತ್ತೇನೆ. ಆಗಲೂ ಹೂಂ ಬರದಿದ್ದರೆ ದನಿ ಏರಿಸಿ ಕಳಿಸುತ್ತೇನೆ. ಮೂರನೆಯ ಸಲಕ್ಕೆ ಸಾಮಾನ್ಯವಾಗಿ ಹೂಂ ಬರುತ್ತದೆ, ಅದರ ಬೆನ್ನಿಗೇ ಒಂದು ಬೈಗುಳವೂ ಬರುತ್ತದೆ. ಬೈಗುಳ ಬಂದರೂ ನಡೆಯುತ್ತದೆ. ಮಾತು ಮುಟ್ಟಿತಲ್ಲ.

ಇದನ್ನು ನನಗೆ ಹಚ್ಚಿದವಳು ನಮ್ಮ ಆಯಿ, ನನ್ನ ತಂದೆಯ ತಾಯಿ. ಅವಳು ಕಥೆ ಹೇಳಬೇಕೆಂದರೆ ಕೇಳುವವರಲ್ಲಿ ಒಬ್ಬರು ಹೂಂಗುಡಲೇಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ರಾಜಕುಮಾರ ಕುದುರೆಯ ಮೇಲೆ ಒಂದು ಕಾಲು ಹಾಕಿದವನು ಇನ್ನೊಂದು ಕಾಲನ್ನು ಎತ್ತುವಂತಿರಲಿಲ್ಲ. ಹಾಗೆ ಒಂಟಿಗಾಲಿನಲ್ಲಿ ನಿಂತ ರಾಜಕುಮಾರರು ಎಷ್ಟೋ ಜನ ಇದ್ದಾರೆ. ಅವರೆಲ್ಲ ಇನ್ನೂ ನಿಂತೇ ಇರಬೇಕು, ಏಕೆಂದರೆ ಹೂಂಗುಡುವ ಕೆಲಸ ನನ್ನದಾಗಿತ್ತು, ನನಗೆ ಬೇಗ ನಿದ್ದೆ ಬರುತ್ತಿತ್ತು.

ನಮ್ಮ ಕಡೆಯ ಮದುವೆಯ ಕರೆಯನ್ನೇ ನೋಡಿ. ಮೊದಲು ಕಾರ್ಡು ಕೊಟ್ಟು ಕರೆಯುತ್ತಾರೆ. ಹಿಂದಿನ ದಿನ ಬಂದು ಮತ್ತೆ ನೆನಪು ಮಾಡುತ್ತಾರೆ. ಅಷ್ಟಾದರೂ ಅಡುಗೆ ಆದ ಮೇಲೆ ಒಬ್ಬ ಮನೆಮನೆಯ ಬಾಗಿಲಲ್ಲಿ ನಿಂತು “ಊಟಕ್ಕ ಬರ್ರಿ” ಎಂದು ಕೂಗಬೇಕು. ಆ ಮೂರನೆಯ ಕರೆ ಬರದಿದ್ದರೆ ಹೊಸ ಸೀರೆ ಉಟ್ಟು ಕುಂತವರೂ ಜಾಗ ಬಿಟ್ಟು ಏಳುವುದಿಲ್ಲ. ಮನೆಯಲ್ಲೇ ತಂಗಳ ರೊಟ್ಟಿ ತಿಂದು ಹತ್ತು ವರ್ಷ ಮಾತು ಬಿಡುತ್ತಾರೆ. ನಾನೂ ಒಮ್ಮೆ ಹಾಗೆ ರೇಷ್ಮೆ ಸೀರೆಯಲ್ಲಿ ಕುಂತಿದ್ದೆ. ನಮ್ಮ ಮನೆಯವರು ಎರಡನೆಯ ಕರೆಗೇ ಹೋಗಿ, ಮೊದಲ ಪಂಕ್ತಿಯಲ್ಲಿ ಉಂಡು ಬಂದು, ಜಗುಲಿಯ ಮೇಲೆ ಮಲಗಿ ಗೊರಕೆ ಹೊಡೆದರು. ಮರ್ಯಾದೆ ಅನ್ನುವುದು ನಮ್ಮ ಮನೆಯಲ್ಲಿ ನನ್ನೊಬ್ಬಳ ಪಾಲಿಗೆ ಬಂದಿದೆ.

ನಾನು ನಾಲ್ಕನೆಯ ಕ್ಲಾಸಿನ ತನಕ ಓದಿದವಳು. ಆದರೆ ಈ ಹೂಂ ವಿಷಯದಲ್ಲಿ ಇಂಜಿನಿಯರ್ ಓದಿದವರಿಗೂ ನನಗೂ ಭೇದವಿಲ್ಲ ಎಂದು ಹೋದ ಮಹಾನವಮಿಗೆ ಗೊತ್ತಾಯಿತು. ಅದರ ಜೊತೆಗೆ ನಾನೆಂಥ ಕತ್ತೆ ಅನ್ನುವುದೂ ಗೊತ್ತಾಯಿತು. ಎರಡನ್ನೂ ಹೇಳುತ್ತೇನೆ.

ನಮ್ಮೂರು ಕೆಂಭಾವಿಗೆ ಹೋಗುವ ದಾರಿಯಲ್ಲಿದೆ. ಕಾಲುವೆಯ ಗೇಟು ನಮ್ಮ ಮನೆಯ ಮಗ್ಗುಲಿಗೇ ಇದೆ, ಹೊಲ ಮಾತ್ರ ಒಂದು ಮೈಲಿ ಕೆಳಗೆ, ನೀರು ಕೊನೆಗೆ ಮುಟ್ಟುವ ತುದಿಯಲ್ಲಿದೆ. ನೀರು ಮೊದಲ ಸಲ ಬಂದ ವರ್ಷದಿಂದ ಗೇಟು ಎತ್ತಿ ಇಳಿಸುವ ಕೆಲಸ ಸಾಬಣ್ಣನದು. ನನಗಿಂತ ನಾಲ್ಕು ವರ್ಷ ಸಣ್ಣವನು, ನನ್ನನ್ನು ಯಕ್ಕ ಎನ್ನುತ್ತಾನೆ. ಅವನೊಂದಿಗೆ ನಾನು ಆಡಿದಷ್ಟು ಜಗಳ ಗಂಡನೊಂದಿಗೂ ಆಡಿಲ್ಲ. ನೀರಿನ ಬಾಯಿಯಲ್ಲಿ ಕುಂತವನಿಗೂ ತುದಿಯಲ್ಲಿ ಕುಂತವಳಿಗೂ ಜಗಳವಿಲ್ಲದಿದ್ದರೆ ಕಾಲುವೆಯಲ್ಲಿ ನೀರೇ ಇಲ್ಲವೆಂದು ತಿಳಿಯಬೇಕು.

ಆಗ ಫೋನು ಎಲ್ಲಿತ್ತು? ನಮ್ಮ ಪಾಳಿ ಬಂದ ದಿನ ನಾನು ಹೊಲದಲ್ಲಿ ನಿಲ್ಲುತ್ತಿದ್ದೆ, ಸಾಬಣ್ಣ ಗೇಟಿನ ಚಕ್ರ ಹಿಡಿದು ನಿಲ್ಲುತ್ತಿದ್ದ, ನಡುವೆ ಒಡ್ಡಿನ ಮೇಲೆ ನಮ್ಮ ಮನೆಯವರು. ನಾನು “ಒಂದು ಸುತ್ತು ಎತ್ತು” ಎಂದು ಕೂಗಿದರೆ ಅವರು ಅದನ್ನು ಮುಂದಕ್ಕೆ ಕೂಗಬೇಕು. ಸಾಬಣ್ಣ ಚಕ್ರ ಒಂದು ಸುತ್ತು ತಿರುಗಿಸಿ ಹೂಂ ಎಂದು ಕೂಗಬೇಕು. ಆ ಹೂಂ ಅದೇ ದಾರಿಯಲ್ಲಿ ನನಗೆ ವಾಪಸು ಬರಬೇಕು.

ಇಲ್ಲೊಂದು ತೊಡಕಿತ್ತು. ನಮ್ಮ ಮನೆಯವರ ಎಡಗಿವಿ ಹುಟ್ಟಿನಿಂದಲೇ ಮಂದ. ಒಂದು ದಿನ ಒಡ್ಡಿನ ಮೇಲೆ ಅವರು ಬಲಗಿವಿ ನನ್ನ ಕಡೆಗೆ, ಎಡಗಿವಿ ಗೇಟಿನ ಕಡೆಗೆ ಇರುವ ಹಾಗೆ ನಿಂತಿದ್ದರು. ನನ್ನ ಹುಕುಂ ಚೆನ್ನಾಗಿಯೇ ಮೇಲೆ ಹೋಗುತ್ತಿತ್ತು. ಸಾಬಣ್ಣನ ಹೂಂ ಬಂದು ಆ ಎಡಗಿವಿಗೆ ಬಡಿದು ಕೆಳಗೆ ಬೀಳುತ್ತಿತ್ತು. ನನಗೆ ಹೂಂ ಬರಲಿಲ್ಲ, ಮತ್ತೆ ಕೂಗಿದೆ. ಮತ್ತೆ ಬರಲಿಲ್ಲ, ಮತ್ತೆ ಕೂಗಿದೆ. ಐದು ಸಲ ಕೂಗಿದೆ. ಪಾಪ, ಸಾಬಣ್ಣನಿಗೆ ಐದು ಹುಕುಂ ಮುಟ್ಟಿದವು, ಅವನು ಐದು ಸುತ್ತು ಎತ್ತಿದ. ಆಮೇಲೆ ನೀರು ಬಂದ ರೀತಿ ನೋಡಬೇಕಿತ್ತು. ಬದು ಒಡೆಯಿತು, ಹಿಂದಿನ ದಿನ ಹಚ್ಚಿದ ನೆಲ್ಲಿನ ಸಸಿಗಳು ಎದ್ದು ಪಕ್ಕದವರ ಹೊಲಕ್ಕೆ ನಡೆದವು. ಅವರಿಗೆ ಹಚ್ಚುವ ಆಳಿನ ಖರ್ಚು ಉಳಿಯಿತು.

ಸಂಜೆ ಒಡ್ಡಿನ ಮೇಲೆ ಮೂವರೂ ಕೂಡಿ ಒಬ್ಬರನ್ನೊಬ್ಬರು ಬೈದೆವು. ಬೈದು ಬೈದು ಸುಸ್ತಾದ ಮೇಲೆ ನನಗೊಂದು ಉಪಾಯ ಹೊಳೆಯಿತು. ಕೂಗುವ ಪ್ರತಿ ಮಾತಿಗೂ ಒಂದು ಕಾಳಿನ ಹೆಸರು ಇಟ್ಟೆ. ಮೊದಲನೆಯದು ಜೋಳದ ಮಾತು, ಅದರ ಮುಂದಿನದು ತೊಗರಿ ಮಾತು, ಆಮೇಲೆ ಮತ್ತೆ ಜೋಳ, ಮತ್ತೆ ತೊಗರಿ. “ಜೋಳದ ಮಾತು, ಒಂದು ಸುತ್ತು ಎತ್ತು” ಎಂದರೆ “ಜೋಳ ಹೂಂ” ಎಂದು ಉತ್ತರ ಬರಬೇಕು. ಜೋಳ ಹೂಂ ಬರುವ ತನಕ ನಾನು ತೊಗರಿಯನ್ನು ಬಾಯಿಂದ ತೆಗೆಯುವಂತಿಲ್ಲ. ಅದೇ ಜೋಳದ ಮಾತು ಬೆನ್ನುಬೆನ್ನಿಗೆ ಎರಡನೆಯ ಸಲ ಬಂತೆಂದರೆ, ತನ್ನ ಹೂಂ ದಾರಿಯಲ್ಲಿ ಬಿದ್ದುಹೋಗಿದೆ ಎಂದು ಸಾಬಣ್ಣ ತಿಳಿಯಬೇಕು. ಹೂಂ ಅನ್ನಬೇಕು, ಚಕ್ರಕ್ಕೆ ಕೈ ಹಚ್ಚಬಾರದು. ನಮ್ಮ ಮನೆಯವರು ಮಾತು ಒಂದು ಕಡೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಗಾಣದ ಎತ್ತಿನ ಹಾಗೆ ಸುತ್ತು ತಿರುಗಬೇಕು. ಅವರು ಇದಕ್ಕೆ ಒಪ್ಪಿದ್ದು ಸಸಿ ಮತ್ತೆ ಹಚ್ಚುವ ಕೆಲಸ ನೆನೆಸಿಕೊಂಡು.

ಅಲ್ಲಿಂದ ಎಷ್ಟೋ ವರ್ಷ ನಮ್ಮ ನೀರು ಜೋಳ ತೊಗರಿಯ ಮೇಲೆ ನಡೆಯಿತು. ಒಂದು ಸುತ್ತೂ ಹೆಚ್ಚಾಗಲಿಲ್ಲ, ಒಂದು ಸುತ್ತೂ ಕಡಿಮೆಯಾಗಲಿಲ್ಲ. ಆಮೇಲೆ ಫೋನು ಬಂತು, ಗಂಟಲು ಸುಮ್ಮನಾಯಿತು. ಫೋನಿನಲ್ಲಿ ಟವರು ಸಿಗದೆ ಮಾಳಿಗೆ ಹತ್ತಿ ಕೂಗುವ ಜನರನ್ನು ನೋಡಿದಾಗಲೆಲ್ಲ, ಫೋನು ಇಟ್ಟು ಬರೀ ಕೂಗಿದರೆ ಬೇಗ ಮುಟ್ಟುತ್ತದೆ ಎಂದು ಹೇಳಬೇಕೆನಿಸುತ್ತದೆ. ಹೇಳಿಯೂ ಇದ್ದೇನೆ, ಮೂರು ಸಲ.

ಈಗ ಎರಡು ವರ್ಷದ ಹಿಂದೆ ಗೇಟಿಗೆ ಡಬ್ಬಿ ಬಂತು. ಕಬ್ಬಿಣದ ಒಂದು ಪೆಟ್ಟಿಗೆ, ಮೇಲೆ ಬಿಸಿಲು ತಿನ್ನುವ ಹಲಗೆ, ಅದರ ಪಕ್ಕ ಎತ್ತರದ ಕಂಬ, ಕಂಬದ ತುದಿಗೆ ಮೀನಿನ ಮುಳ್ಳಿನಂಥ ಆಂಟೆನಾ. ಇನ್ನು ಮೇಲೆ ಸಾಬಣ್ಣ ಚಕ್ರ ತಿರುಗಿಸಬೇಕಿಲ್ಲ, ಆಫೀಸಿನವರು ಅಲ್ಲಿಂದಲೇ ಹುಕುಂ ಕೊಡುತ್ತಾರೆ, ಗೇಟು ತಾನೇ ಏಳುತ್ತದೆ ಎಂದರು. ಸಾಬಣ್ಣನ ಕೈಗೆ ಪೆಟ್ಟಿಗೆಯ ಕೀಲಿ ಕೊಟ್ಟು ಕಾಯಲು ಹಚ್ಚಿದರು. ಚಕ್ರ ತಿರುಗಿಸಿದ ಕೈಗೆ ಕೀಲಿಗೊಂಚಲು ಬಹಳ ಹಗುರ. ಅವನು ಚಹಾದಂಗಡಿಯಲ್ಲಿ ಕುಂತು ಈ ಡಬ್ಬಿ ಎಷ್ಟು ದಿನ ಬಾಳುತ್ತದೆ ನೋಡೋಣ ಎಂದು ನಾಲ್ಕು ಜನರೆದುರು ಅಂದುಬಿಟ್ಟ. ಆಡಿದ ಮಾತು ಆಮೇಲೆ ಅವನ ಕೊರಳಿಗೇ ಬಂತು.

ಡಬ್ಬಿ ನೋಡಿಕೊಳ್ಳಲು ಶಹಾಪುರದಿಂದ ಬರುತ್ತಿದ್ದವಳು ಸುಮಂಗಲಾ ಎನ್ನುವ ಇಂಜಿನಿಯರ್. ಊರೆಲ್ಲ ಮೇಡಂ ಅನ್ನುವ ಬದಲು ಬಾಯಾರು ಬಾಯಾರು ಎನ್ನುತ್ತಿತ್ತು, ನಾನು ತಂಗಿ ಎನ್ನುತ್ತಿದ್ದೆ. ಏಣಿ ಹತ್ತಿ ಕಂಬದ ಮೇಲೆ ಕೆಲಸ ಮಾಡಿ ಇಳಿದು, ನಮ್ಮ ಜಗುಲಿಯ ಮೇಲೆ ಕುಂತು ಮಜ್ಜಿಗೆ ಕುಡಿಯುತ್ತಿದ್ದಳು. ಗಾಳಿಯಲ್ಲಿ ಹೋಗುವ ಮಾತು ದಾರಿ ತಪ್ಪುವುದಿಲ್ಲವೇ ಎಂದು ನಾನೊಮ್ಮೆ ಕೇಳಿದೆ.

“ತಪ್ತದರಿ ಅವ್ವಾರ. ಗಿಡ ಅಡ್ಡ ಬರ್ತದ, ಗುಡ್ಡ ಅಡ್ಡ ಬರ್ತದ. ಅದಕ್ಕ ಹುಕುಂನ ಸಣ್ಣ ಸಣ್ಣ ಪ್ಯಾಕೆಟ್ ಮಾಡಿ ಕಳಸ್ತೀವಿ. ಒಂದೊಂದಕ್ಕೂ ನಂಬರ್ ಇರ್ತದ. ಮುಟ್ಟಿದ ಪ್ಯಾಕೆಟಿಗೆ ಈ ಡಬ್ಬಿ ಮುಟ್ಟೇದ ಅಂತ ಉತ್ತರ ಕೊಡಬೇಕು. ಉತ್ತರ ಬರ್ಲಿಲ್ಲಂದ್ರ ಅದೇ ನಂಬರ್ ಹಾಕಿ ಅದನ್ನೇ ಮತ್ತ ಕಳಸ್ತೀವಿ.”

ಅದೇ ಪ್ಯಾಕೆಟು ಎರಡು ಸಲ ಮುಟ್ಟಿದರೆ ಗೇಟು ಎರಡು ಸಲ ಏಳುತ್ತದೆಯೇ ಎಂದು ಕೇಳಿದೆ. ಅವಳು ಮಜ್ಜಿಗೆಯ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು. ನಂಬರ್ ಇರುವುದೇ ಅದಕ್ಕೆ, ಹಳೆಯ ನಂಬರ್ ಬಂದರೆ ಡಬ್ಬಿ ಉತ್ತರ ಮಾತ್ರ ಕೊಡುತ್ತದೆ, ಗೇಟು ಎತ್ತುವುದಿಲ್ಲ ಎಂದಳು. ನಾನು ಒಳಗೆ ಹೋಗಿ ಮನೆಯವರ ಬಲಗಿವಿಯಲ್ಲಿ ಹೇಳಿದೆ: “ಕೇಳಿದ್ರಿಲ್ಲೋ? ನನ್ನ ಜೋಳ ತೊಗರಿ ಅದ ಇದು. ಡಬ್ಬ್ಯಾಗ ಹಾಕ್ಯಾರ.” ಅವರು ಹೂಂ ಎಂದರು. ಆ ವಾರವೆಲ್ಲ ನಾನು ಕಾಲುವೆಯ ದಂಡೆಯ ಮೇಲೆ ನಡೆಯುವಾಗ ಸ್ವಲ್ಪ ಎದೆ ಸೆಟೆಸಿಯೇ ನಡೆದೆ.

ಆಂಟೆನಾದ ಸಂಗತಿಯೂ ಹೇಳಿದಳು. ಇದು ಎಲ್ಲ ಕಡೆ ಕೇಳುವ ಕಿವಿಯಲ್ಲ, ಮುಖ ಎತ್ತ ಇದೆಯೋ ಅತ್ತಲೇ ಮಾತು, ಅತ್ತಲಿಂದಲೇ ಕೇಳಿಕೆ. ಆದ್ದರಿಂದ ಇದರ ಮುಖ ಶಹಾಪುರದ ಗುಡ್ಡದ ಕಡೆಗೇ ಇರಬೇಕು. ನನಗೆ ಇದೂ ಹೊಸದಲ್ಲ. ಮನೆಗೆ ಮೊದಲ ಟಿವಿ ಬಂದಾಗ ಮನೆಯವರು ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುತ್ತ “ಬಂತಾ?” ಎಂದು ಕೇಳುವುದು, ನಾನು ಕಿಟಕಿಯಿಂದ “ಬಂತು, ಹೋಯ್ತು” ಎಂದು ಕೂಗುವುದು ದಿನದ ಕೆಲಸವಾಗಿತ್ತು. ಮೂಲೆಯಲ್ಲಿ ಒಂದು ಕಾಗೆ ಕುಂತರೂ ವಾರ್ತೆ ಓದುವವಳ ಮುಖ ಸೊಟ್ಟಗಾಗುತ್ತಿತ್ತು. ಇಷ್ಟೆಲ್ಲ ತಿಳಿದವಳು ನಾನು. ಇದನ್ನು ನೆನಪಿಡಿ. ನಾನು ನೆನಪಿಡಲಿಲ್ಲ.

ಇಬ್ಬರು ಒಂದೇ ಹೊತ್ತಿಗೆ ಮಾತಾಡಿದರೆ ಎರಡು ಮಾತೂ ಕೆಡುತ್ತವಂತೆ. ಆಗ ಡಬ್ಬಿಗಳು ಸುಮ್ಮನಾಗಿ, ಒಂದು ಸ್ವಲ್ಪ ಹೊತ್ತು, ಇನ್ನೊಂದು ಅದಕ್ಕಿಂತ ಹೆಚ್ಚು ಹೊತ್ತು ಕಾಯ್ದು ಮತ್ತೆ ಶುರು ಮಾಡುತ್ತವಂತೆ. ಇದನ್ನು ನಮ್ಮ ಮನೆಯಲ್ಲಿ ಮಾಡಿ ನೋಡಿದೆ. ಮನೆಯವರು ಕಾಯ್ದರು. ನಾನು ಕಾಯಲಿಲ್ಲ. ಹಾಗೆ ಮಾಡಿದರೂ ಮಾತು ಕೆಡುವುದಿಲ್ಲ, ತಂಗಿಗೆ ತಿಳಿಸಬೇಕು.

ಮಹಾನವಮಿ ಬಂತು. ನಮ್ಮ ಕಡೆ ಮಹಾನವಮಿಗೆ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಕಾಲುವೆಗೆ ಹೋಗಿ ತೊಳೆದು ಬರಬೇಕು. ಕೌದಿ ತೊಳೆಯುವುದು ಗೊತ್ತೇ ನಿಮಗೆ? ಹಳೆಯ ಸೀರೆ, ಧೋತರ, ರುಮಾಲು ಪದರ ಪದರವಾಗಿ ಇಟ್ಟು ಹೊಲಿದ ಹೊದಿಕೆ ಅದು. ಒಣಗಿದಾಗ ಒಬ್ಬಳು ಹೊರಬಹುದು. ನೆನೆದರೆ ಹಿಂಡಲು ಮೂವರು ಬೇಕು, ಹಿಂಡಿದ ಮೇಲೂ ಅದು ಸತ್ತ ಎಮ್ಮೆಯಷ್ಟು ಭಾರ. ನಮ್ಮ ಮನೆಯಲ್ಲಿ ಹನ್ನೊಂದು ಕೌದಿ. ಅಂಗಳದ ಬೇವಿನ ಗಿಡಕ್ಕೆ ಒಂದು ಗಟ್ಟಿ ತಂತಿ ಕಟ್ಟಿದೆ, ಇನ್ನೊಂದು ತುದಿ ಕಟ್ಟಲು ಜಾಗ ಹುಡುಕಿದೆ. ಗೋಡೆಯಾಚೆ ಸರಕಾರದ ಕಂಬ ಸುಮ್ಮನೆ ನಿಂತಿತ್ತು. ಅದಕ್ಕೊಂದು ಅಡ್ಡಪಟ್ಟಿಯೂ ಚಾಚಿಕೊಂಡಿತ್ತು, ನನಗಾಗಿಯೇ ಇಟ್ಟ ಗೂಟದ ಹಾಗೆ. ಅದಕ್ಕೆ ಬಿಗಿದೆ. ದಿನಕ್ಕೆ ಒಂದರಂತೆ, ಒಂಬತ್ತು ಗಂಟೆಗೆ ಹಸಿ ಕೌದಿ ಹಾಕಿದರೆ ಮೂರಕ್ಕೆ ಒಣಗುತ್ತಿತ್ತು.

ಅದೇ ದಿನಗಳಲ್ಲಿ ಡಬ್ಬಿ ಮಾತು ಬಿಟ್ಟಿತು. ಮುಂಜಾನೆ ಆಫೀಸಿನಿಂದ ಹುಕುಂ ಹೊರಟರೆ ಇತ್ತಲಿಂದ ಹೂಂ ಇಲ್ಲ. ಅವರು ಮತ್ತೆ ಕಳಿಸುವರು, ಮತ್ತೆ ಕಳಿಸುವರು, ಕೊನೆಗೆ ಈ ಗೇಟು ಸತ್ತಿದೆ ಎಂದು ಬರೆದುಕೊಂಡು, ಆಗೊಮ್ಮೆ ಈಗೊಮ್ಮೆ ಮಾತ್ರ ಕಳಿಸಿ ನೋಡುವರು. ಗೇಟು ಮುಚ್ಚಿಯೇ ಇರುತ್ತಿತ್ತು. ನೆಲ್ಲು ತೆನೆ ತುಂಬುವ ಹೊತ್ತು ಅದು. ಮೂರು ಗಂಟೆಯ ಮೇಲೆ ಡಬ್ಬಿಗೆ ಜೀವ ಬಂದು ಗೇಟು ಏಳುತ್ತಿತ್ತು. ಅಷ್ಟು ಹೊತ್ತಿನಲ್ಲಿ ಹೊರಟ ನೀರು ತುದಿಯ ಹೊಲಕ್ಕೆ ಮುಟ್ಟುವ ಮೊದಲೇ ಮೇಲಿನವರು ಕುಡಿದು ಮುಗಿಸುತ್ತಿದ್ದರು. ಸುಮಂಗಲಾ ಹತ್ತಾರು ಗೇಟು ನೋಡಿ ನಮ್ಮೂರಿಗೆ ಬರುವಾಗ ನಾಲ್ಕು ಹೊಡೆದಿರುತ್ತಿತ್ತು. ಬಂದು ನೋಡಿದರೆ ಡಬ್ಬಿ ಗಟ್ಟಿಮುಟ್ಟಾಗಿದೆ. ಡಾಕ್ಟರ ಬಾಗಿಲಿಗೆ ಹೋದ ಕೂಡಲೇ ಜ್ವರ ಬಿಡುವ ಮಂದಿಯ ಹಾಗೆ.

ಮೂರನೆಯ ಸಲ ಅವಳು ಬಂದಾಗ ಗೇಟಿನ ಹತ್ತಿರ ಊರಿನ ಅರ್ಧ ಜನ ಕೂಡಿದ್ದರು. ಸಾಬಣ್ಣ ಕೀಲಿ ಹಿಡಿದು ನಿಂತಿದ್ದ. ನನಗೆ ತಡೆಯಲಾಗಲಿಲ್ಲ.

“ಮಷೀನಿಗೇನೂ ಆಗಿಲ್ಲ ತಂಗಿ” ಎಂದೆ. “ಮುಂಜಾನಿ ಸಾಬಣ್ಣ ಇದರ ಹತ್ರ ಕುಂತಿರ್ತಾನ, ಆಗ ಕೆಡ್ತದ. ಮಧ್ಯಾಹ್ನ ಉಣ್ಣಾಕ ಮನಿಗಿ ಹೋಗ್ತಾನ, ಆಗ ಸುದ್ದಾಗ್ತದ. ಇದಕ್ಕ ನಿಮ್ಮ ಇಂಜಿನಿಯರ್ ಓದು ಯಾಕ ಬೇಕು?”

ಸಾಬಣ್ಣ ಜನರನ್ನು ನೋಡಲಿಲ್ಲ, ನನ್ನನ್ನೇ ನೋಡಿದ. “ಯಕ್ಕ, ನಾ ಅದನ್ನ ಮುಟ್ಟಿಲ್ಲ” ಎಂದ.

ನಾನು ಹೂಂ ಎಂದೆ. ಹೂಂಗಳಲ್ಲಿ ಬಹಳ ನಮೂನೆ ಇವೆ. ಕೇಳಿದೆ ಎನ್ನುವ ಹೂಂ ಇದೆ, ಒಪ್ಪಿದೆ ಎನ್ನುವ ಹೂಂ ಇದೆ, ಸಾಕು ಮಾಡು ಎನ್ನುವ ಹೂಂ ಇದೆ. ನಾನು ಅಂದದ್ದು, ನೀನು ಕಳ್ಳ ಎನ್ನುವ ಹೂಂ. ಅದು ನೆರೆದವರಿಗೆಲ್ಲ ಚೆನ್ನಾಗಿ ಮುಟ್ಟಿತು.

ನಾಲ್ಕು ದಿನದಲ್ಲಿ ಆಫೀಸಿನಿಂದ ಕಾಗದ ಬಂತು. ಸಾಬಣ್ಣನನ್ನು ಗೇಟಿನ ಕೆಲಸದಿಂದ ಬಿಡಿಸಿದ್ದಾರೆ, ಶುಕ್ರವಾರ ಕೀಲಿ ಒಪ್ಪಿಸಬೇಕು. ಕಾಲುವೆಗೆ ನೀರು ಬಂದಾಗ ಮೊದಲ ಸುತ್ತು ತಿರುಗಿಸಿದವನು ಅವನು. ಅವನ ಹೆಂಡತಿ ಬಾವಿಕಟ್ಟೆಯಲ್ಲಿ ನನ್ನ ಪಕ್ಕದಿಂದ ಕೊಡ ಎತ್ತಿಕೊಂಡು ಇನ್ನೊಂದು ಮಗ್ಗುಲಿಗೆ ಹೋಗಿ ನಿಂತಳು. ನಾನು ಸತ್ಯ ಹೇಳಿದ್ದೇನೆ, ನನಗೇನು ಎಂದು ನೀರು ಸೇದಿದೆ.

ಶುಕ್ರವಾರ ಕೀಲಿ ತೆಗೆದುಕೊಳ್ಳಲು ಸುಮಂಗಲಾ ಹನ್ನೊಂದು ಗಂಟೆಗೇ ಬಂದಳು. ಅಷ್ಟು ಬೇಗ ಅವಳು ನಮ್ಮೂರು ನೋಡಿದ್ದು ಅದೇ ಮೊದಲು. ಸಾಬಣ್ಣ ಕೀಲಿಗೊಂಚಲು ಮುಂದೆ ಹಿಡಿದ. ಅವಳು ಕೈ ಚಾಚಿದವಳು ಹಾಗೇ ತಲೆ ಎತ್ತಿ ಕಂಬದ ತುದಿ ನೋಡಿದಳು, ಕೈ ಹಿಂದಕ್ಕೆ ತೆಗೆದುಕೊಂಡಳು.

“ಇದರ ಮುಖ ಸುರಪುರದ ಕಡಿ ಯಾಕ ಆಗ್ಯಾದ?”

ಎಲ್ಲರೂ ನೋಡಿದೆವು. ಮೀನಿನ ಮುಳ್ಳು ಶಹಾಪುರದ ಗುಡ್ಡ ಬಿಟ್ಟು, ಸೊಂಟ ತಿರುವಿ ಸುರಪುರದತ್ತ ನೋಡುತ್ತಿತ್ತು. ಅವಳ ಕಣ್ಣು ಕಂಬದಿಂದ ಅಡ್ಡಪಟ್ಟಿಗೆ, ಅಡ್ಡಪಟ್ಟಿಯಿಂದ ತಂತಿಗೆ, ತಂತಿಯಿಂದ ಗೋಡೆ ದಾಟಿ ನಮ್ಮ ಅಂಗಳಕ್ಕೆ ಬಂತು. ಊರಿನ ಕಣ್ಣೆಲ್ಲ ಅವಳ ಹಿಂದೆಯೇ ಬಂದವು. ತಂತಿಯ ನಡುವೆ ನೀರು ತೊಟ್ಟಿಕ್ಕುತ್ತ ಒಂದು ಕೌದಿ ಜೋತಿತ್ತು.

ಯಾರದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ನಡುವೆ ನಮ್ಮ ಮನೆಯವರ ಕೆಂಪು ರುಮಾಲು, ಅಂಚಿಗೆ ನನ್ನ ಮದುವೆಯ ಹಸಿರು ಸೀರೆ, ಮೂಲೆಗೆ ನಾನೇ ಹೊಲಿದ ಸೊಟ್ಟ ನವಿಲು. ಹೆಬ್ಬೆಟ್ಟು ಒತ್ತಿದ ಕಾಗದವನ್ನಾದರೂ ನನ್ನದಲ್ಲ ಅನ್ನಬಹುದು, ಕೌದಿಯನ್ನು ಅನ್ನಲಾಗುವುದಿಲ್ಲ.

“ನಂದು” ಎಂದೆ.

ಆದದ್ದು ಇಷ್ಟೇ. ಹಸಿ ಕೌದಿಯ ಭಾರಕ್ಕೆ ಕಂಬ ತಿರುಗುತ್ತಿತ್ತು. ಒಣಗಿ ಹಗುರಾದ ಮೇಲೆ, ಕಂಬ ನಿಲ್ಲಿಸುವಾಗ ಆಫೀಸಿನವರೇ ಹಿಂದಿನಿಂದ ಬಿಗಿದಿದ್ದ ಇನ್ನೊಂದು ತಂತಿ ಅದನ್ನು ಮತ್ತೆ ತನ್ನ ಜಾಗಕ್ಕೆ ಎಳೆಯುತ್ತಿತ್ತು. ಸುಮಂಗಲಾ ಒಳಗೆ ಬಂದು ಕೌದಿಯನ್ನು ಎಳೆದು ನನ್ನ ಕೈಗೆ ಹಾಕಿದಳು. ಭಾರಕ್ಕೆ ನಾನೇ ಕುಸಿದು ಕುಂತೆ. ಕಂಬ ಕಿರ್ ಎಂದು ಹೊರಳಿತು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯೊಳಗೆ ಟಕ್ ಎಂದಿತು, ಯಾರೂ ಮುಟ್ಟದೆ ಗೇಟು ಏಳತೊಡಗಿತು. ಮುಂಜಾನೆಯಿಂದ ಮತ್ತೆ ಮತ್ತೆ ಬಂದು ಡಬ್ಬಿಯ ಕಿವಿಗೆ ಬೀಳದೆ ಸಾಯುತ್ತಿದ್ದ ಹುಕುಂ ಅವತ್ತು ಮನೆ ಮುಟ್ಟಿತು, ಅದರ ಹೂಂ ಶಹಾಪುರದ ದಾರಿ ಹಿಡಿಯಿತು.

ಜನ ನಕ್ಕರು. ಸಾಬಣ್ಣ ನಗಲಿಲ್ಲ. ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೌದಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಗೇಟಿನ ಕಟ್ಟೆಯ ಮೇಲೆ ಹೋಗಿ ಕುಂತ. ಆಫೀಸಿನ ಕಾಗದ ಮೂರು ದಿನದಲ್ಲಿ ವಾಪಸಾಯಿತು. ಆದರೆ ನಾನು ಕಳಿಸಿದ ಹೂಂ ವಾಪಸು ತರಿಸಿಕೊಳ್ಳುವ ಆಫೀಸು ಎಲ್ಲಿದೆ?

ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಗೆ ಹೊಸದು. ಆ ಶುಕ್ರವಾರ ಸಂಜೆಯೇ ಗೇಟಿನ ಹತ್ತಿರ ಹೋದೆ. “ಸಾಬಣ್ಣ, ತಪ್ಪು ನಂದು” ಎಂದೆ, ಎಂದವಳೇ ಮನೆಗೆ ಬಂದೆ. ಹೂಂ ಬರಲಿಲ್ಲ. ಮರುದಿನ ಶೇಂಗಾ ಹೋಳಿಗೆ ಮಾಡಿಕೊಂಡು ಹೋಗಿ ಮತ್ತೆ ಅಂದೆ. ಹೋಳಿಗೆ ತೆಗೆದುಕೊಂಡ, ತಿಂದ, ಕಾಲುವೆ ನೋಡುತ್ತ ಕುಂತ. ಮೂರನೆಯ ದಿನ ಸಜ್ಜಿ ರೊಟ್ಟಿ, ಪುಂಡಿಪಲ್ಯ. ತಿಂದ, ಕಾಲುವೆಯಲ್ಲಿ ಕೈ ತೊಳೆದುಕೊಂಡ. ನಾಲ್ಕನೆಯ ದಿನ ಮತ್ತೆ ಹೋಳಿಗೆ. ಮೂರು ಸಲಕ್ಕೆ ಹೂಂ ತೆಗೆಸುತ್ತಿದ್ದ ನನ್ನ ಜಂಬವೆಲ್ಲ ಇಳಿಯಿತು. ಮುಂದೆ ಎರಡೇ ದಿನಕ್ಕೆ ಬನ್ನಿ. ಊರೆಲ್ಲ ಒಬ್ಬರಿಗೊಬ್ಬರು ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಎನ್ನುವ ದಿನ. ಆ ದಿನ ಸಾಬಣ್ಣ ನಮ್ಮ ಬಾಗಿಲು ದಾಟಿ ಮುಂದಿನ ಮನೆಗೆ ಹೋದರೆ, ಮತ್ತೆ ಆ ಬಾಗಿಲಿಗೆ ಅವನು ಬರುವುದಿಲ್ಲ. ನಮ್ಮ ಜಗಳವೂ ಅಲ್ಲಿಗೆ ಮುಗಿಯುತ್ತದೆ. ಜಗಳವಿಲ್ಲದ ಕಾಲುವೆಯ ದಂಡೆಯಲ್ಲಿ ನಾನು ಮಾಡುವುದಾದರೂ ಏನು?

ಬನ್ನಿಯ ಹಿಂದಿನ ದಿನ ಮನೆಯವರನ್ನು ಎಬ್ಬಿಸಿ ಒಡ್ಡಿನ ಮೇಲೆ ನಿಲ್ಲಿಸಿದೆ. ನಾನು ಹೊಲದ ತುದಿಗೆ ಹೋಗಿ ನಿಂತೆ. ಮೊದಲಿನ ಗಂಟಲು ಈಗಿಲ್ಲ, ಇದ್ದಷ್ಟನ್ನೇ ಕೂಡಿಸಿ ಕೂಗಿದೆ.

“ಜೋಳದ ಮಾತು! ತಪ್ಪು ನಂದು!”

ಮನೆಯವರು ಒಡ್ಡಿನ ಮೇಲಿಂದ ಕೈ ಅಲ್ಲಾಡಿಸಿದರು. “ಏನಂದಿ? ಕೇಳಿಸ್ಲಿಲ್ಲ. ಇನ್ನೊಮ್ಮೆ ಅನ್ನು.”

ಮತ್ತೆ ಕೂಗಿದೆ. ಮತ್ತೆ ಕೈ ಅಲ್ಲಾಡಿಸಿದರು. ಮೂರನೆಯ ಸಲ ಕೂಗಿ, ಹತ್ತಿರ ಓಡಿ ಹೋಗಿ ನೋಡಿದೆ. ಬಲಗಿವಿ ಸರಿಯಾಗಿ ನನ್ನ ಕಡೆಗೇ ಇತ್ತು.

“ಮೊದಲನೇ ಸಲಾನ ಕೇಳಿತ್ತು” ಎಂದರು. “ಐವತ್ತು ವರ್ಷದಾಗ ನಿನ್ನ ಬಾಯಾಗ ಒಂದ್ಸಲನೂ ಬಂದಿಲ್ಲದ ಮಾತು. ಅದಕ್ಕ ಮತ್ತ ಮತ್ತ ಅನ್ನಿಸಿದೆ.”

ಆಮೇಲೆ ಗೇಟಿನತ್ತ ಹೊರಳಿ, ಇದ್ದ ಶಕ್ತಿಯೆಲ್ಲ ಹಾಕಿ, ಅರ್ಧ ಊರಿಗೆ ಕೇಳುವ ಹಾಗೆ ಮುಂದಕ್ಕೆ ಕೂಗಿದರು. ಕೂಗಿ, ಹಳೆಯ ರೂಢಿಯ ಪ್ರಕಾರ ಬಲಗಿವಿಯನ್ನು ಅತ್ತ ತಿರುಗಿಸಿ ನಿಂತರು. ಒಂದು ಬೆಳ್ಳಕ್ಕಿ ಎದ್ದು ಇನ್ನೊಂದು ಬದುವಿನ ಮೇಲೆ ಕುಂತಿತು. ಆಮೇಲೆ ಬಂತು, ಸಣ್ಣಗೆ, ಆದರೆ ನನಗೂ ನೇರವಾಗಿ ಕೇಳುವ ಹಾಗೆ.

“ಜೋಳ ಹೂಂ!”

ಬನ್ನಿಯ ದಿನ ಸಾಬಣ್ಣ ಎಲೆ ಹಿಡಿದು ನಮ್ಮ ಮನೆಗೇ ಮೊದಲು ಬಂದ. ಬನ್ನಿ ಕೊಟ್ಟೆವು, ತೆಗೆದುಕೊಂಡೆವು. ಅವನು ಹೆಂಡತಿಯನ್ನೂ ಕರೆತಂದಿದ್ದ. ಅವಳ ಮುಖ ನೋಡಿ ಹೇಳಬೇಕಾದದ್ದನ್ನೂ ಹೇಳಿದೆ, ಅವಳು ಒಂದೇ ಸಲಕ್ಕೆ ಹೂಂ ಎಂದಳು. ನಾನು ಜಗುಲಿಯ ಮೇಲೆ ಕುಂತು ಸಾಬಣ್ಣನಿಗೆ ಚೆನ್ನಾಗಿ ಬೈದೆ. ಇಷ್ಟು ದಿನ ಒಂದು ಹೂಂಗಾಗಿ ನನ್ನನ್ನು ತಿರುಗಿಸಿದೆಯಲ್ಲ ಎಂದೆ.

“ಮೊದಲನೇ ದಿನಾನ ಅಂದಿದ್ದೆ ಯಕ್ಕ” ಎಂದ ಅವನು. “ನೀ ಹೇಳಿದಾಕಿನ ಹೊಳ್ಳಿ ನಡದಿ. ನಿನ್ನ ಬೆನ್ನಿಗಿ ಅಂದೆ. ಕೇಳಲಿಲ್ಲೇನು?”

“ಎರಡನೇ ದಿನ ಯಾಕ ಅನಲಿಲ್ಲ ಮತ್ತ?”

“ಹೋಳಿಗಿ ಬಂತಲ್ಲ” ಎಂದ. “ಹೂಂ ಅಂದಿದ್ರ ಮರುದಿನ ಬರ್ತಿತ್ತೇನು?”

ಸುಮಂಗಲಾ ಆಮೇಲೆ ಬಂದು ಅಡ್ಡಪಟ್ಟಿ ಕತ್ತರಿಸಿದಳು, ಕಂಬವನ್ನು ತಿರುಗದ ಹಾಗೆ ಬಿಗಿದಳು. ಒಂದು ಆಂಟೆನಾಗೆ ಕೇಳಿಸದಿದ್ದರೆ ಇನ್ನೊಂದಕ್ಕಾದರೂ ಕೇಳಿಸಲಿ ಎಂದು ಸ್ವಲ್ಪ ದೂರಕ್ಕೆ ಎರಡನೆಯದನ್ನೂ ನಿಲ್ಲಿಸಿದಳು. ದೇವರು ಮನುಷ್ಯನಿಗೆ ಎರಡು ಕಿವಿ ಕೊಟ್ಟದ್ದೂ ಅದಕ್ಕೇ ಇರಬೇಕು, ನಮ್ಮ ಮನೆಯವರದು ಒಂದು ಸುಳ್ಳಾಯಿತು ಅಷ್ಟೇ. ಕೌದಿ ಈಗ ಬದುವಿನ ಮೇಲೆ ಒಣಗುತ್ತವೆ.

ಹೇಳಿದ್ದನ್ನೇ ಮೂರು ಸಲ ಹೇಳುವ ಚಟ ಹೋಗಿಲ್ಲ, ಇನ್ನು ಹೋಗುವುದೂ ಇಲ್ಲ. ಒಂದು ಮಾತ್ರ ಬದಲಾಗಿದೆ. ಹೇಳಿದ ಮೇಲೆ ಈಗ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ, ಮುಖ ಅವರ ಕಡೆಗೇ ಇಟ್ಟುಕೊಂಡು. ಇಷ್ಟು ವರ್ಷ ನನಗೆ ಹೂಂ ಕೊಡದವರೆಂದು ಎಷ್ಟು ಜನರನ್ನು ಬೈದಿದ್ದೇನೋ, ಅವರಲ್ಲಿ ಎಷ್ಟು ಜನ ನನ್ನ ಬೆನ್ನಿಗೆ ಹೂಂ ಅಂದು ಸುಮ್ಮನಾದರೋ. ನಿಂತು ನೋಡಿದರೆ ಬಹಳ ಹೂಂಗಳು ಒಂದೇ ಸಲಕ್ಕೆ ಬರುತ್ತವೆ. ಹೋಳಿಗೆಯ ಖರ್ಚೂ ಉಳಿಯುತ್ತದೆ.